ವಿದ್ಯುತ್ತಿನ ಋಣ

ಬೆಲೆ ಕೊಡದೆ ಪಡೆದ ವಸ್ತುವಿನಲ್ಲಿ ಋಣವುಂಟೇ ಎಂಬುದು ಹಳೆಯ ಪ್ರಶ್ನೆ. ಕೋಲಾರದ ಸೀಮೆಯಲ್ಲಿ ಇಂದು ಅದು ವಿದ್ಯುಚ್ಛಕ್ತಿಯ ವಿಷಯದಲ್ಲಿ ಎದ್ದಿದೆ.

ಈ ಸೀಮೆಗೆ ವಿದ್ಯುತ್ತು ಮೊದಲು ಬಂದುದು ಕ್ರಯಕ್ಕೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆರಂಭವಾದ ಕಾವೇರಿ ಜಲಪಾತದ ಯೋಜನೆಯು 1902ರಲ್ಲಿ ಫಲಿಸಿ, ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯು ಹರಿಯಿತು. ಬೆಂಗಳೂರಿನ ಬೀದಿಗಳಿಗೇ ವಿದ್ಯುದ್ದೀಪ ಬಂದುದು 1905ರಲ್ಲಿ. ನಡುವಣ ಹಳ್ಳಿಗಳ ತಲೆಯ ಮೇಲೆ ತಂತಿ ಹಾದುಹೋಯಿತು. ಕೆಳಗೆ ಹರಳೆಣ್ಣೆಯ ಹಣತೆಯೂ ಸೀಮೆಯೆಣ್ಣೆಯ ಬುಡ್ಡಿಯೂ ಬಹುಕಾಲ ಉರಿದವು. ಗಣಿಯು ಬೆಲೆ ತೆತ್ತು ಪಡೆಯಿತು. ಹಳ್ಳಿಯ ಕೈಯಲ್ಲಿ ತೆರುವುದಕ್ಕೆ ಏನೂ ಇರಲಿಲ್ಲ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಇಂದು ದೊರೆಯುವ ಉಚಿತ ವಿದ್ಯುತ್ತನ್ನು ಹಳೆಯ ಬಾಕಿಯ ಸಂದಾಯವೆಂದು ಯಾರಾದರೂ ಹೇಳಿದರೆ ಅವರನ್ನು ಸುಲಭವಾಗಿ ಅಲ್ಲಗಳೆಯಲಾಗದು.

ಉಚಿತವೆಂದಮಾತ್ರಕ್ಕೆ ಬೆಲೆ ಇಲ್ಲವೆಂದಲ್ಲ. 1999ರ ಸುಧಾರಣೆಯ ಕಾಯಿದೆಯ ಬಳಿಕ ಹಳೆಯ ವಿದ್ಯುಚ್ಛಕ್ತಿ ಮಂಡಲಿಯು ಒಡೆದು, ಮಾರುವ ಕೆಲಸ ಕಂಪನಿಗಳ ಪಾಲಿಗೂ ದರ ಗೊತ್ತುಮಾಡುವ ಕೆಲಸ ಆಯೋಗದ ಪಾಲಿಗೂ ಬಂದಿತು. ರೈತನ ಬಾಬತ್ತನ್ನು ಸರ್ಕಾರವು ಜನರ ಹಣದಿಂದ ತುಂಬುತ್ತದೆ. ಇಷ್ಟು ಲೆಕ್ಕದ ಮಾತು. ಲೆಕ್ಕಕ್ಕೆ ಸಿಗದ ಬೆಲೆ ಬೇರೆ ಇದೆ.

ಸುಗಟೂರಿನ ಪಾಳೆಯಗಾರರು ಆಳಿದ ಈ ನಾಡು ಬತ್ತದ ನದಿಯೊಂದೂ ಇಲ್ಲದ ಕೆರೆಗಳ ನಾಡು. ಕೆರೆಯ ತೂಬನ್ನು ನೀರುಗಂಟಿಯು ಎತ್ತುತ್ತಿದ್ದಾಗ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಊರಿಗೆಲ್ಲ ಕಾಣುತ್ತಿತ್ತು. ಹೆಚ್ಚು ಪಡೆದವನನ್ನು ಕೇಳುವ ಬಾಯಿಗಳಿದ್ದವು. (ಆ ಏರ್ಪಾಡಿನಲ್ಲಿ ಅನ್ಯಾಯವೇ ಇರಲಿಲ್ಲವೆಂದು ಹೇಳಬೇಕಾಗಿಲ್ಲ, ಕಾಲುವೆಯ ಕೊನೆಯವನ ಕಷ್ಟ ಕೊನೆಯವನಿಗೇ ಗೊತ್ತು.) ಈಗಲಾದರೋ ನೀರು ಬಂಡೆಯ ಬಿರುಕಿನಲ್ಲಿ, ಸಾವಿರ ಅಡಿಗೂ ಆಳದಲ್ಲಿ ಅಡಗಿದೆ. ಅಣ್ಣತಮ್ಮಂದಿರ ಹೊಲಗಳು ಅಕ್ಕಪಕ್ಕದಲ್ಲಿವೆ ಎಂದಿಟ್ಟುಕೊಳ್ಳಬಹುದು. ಅಣ್ಣನು ಸಾಲ ಮಾಡಿ ಇನ್ನೂರು ಅಡಿ ಹೆಚ್ಚು ಕೊರೆಸುತ್ತಾನೆ. ನಡುರಾತ್ರಿ ಕರೆಂಟು ಬಂದೊಡನೆ ಅವನ ಮೋಟಾರು ತಾನೇ ತಿರುಗತೊಡಗುತ್ತದೆ, ಅವನು ನಿದ್ರೆಯಲ್ಲಿರುತ್ತಾನೆ. ತಮ್ಮನ ಬೋರು ಬತ್ತುತ್ತದೆ. ಅಣ್ಣನು ಕದಿಯಲಿಲ್ಲ, ಸುಳ್ಳಾಡಲಿಲ್ಲ, ತನ್ನ ನೆಲದಲ್ಲಿಯೇ ಅಗೆದನು. ಆದರೂ ತಮ್ಮನ ಮನೆಯ ಮುಂದೆ ಹಾಯುವಾಗ ಅವನ ತಲೆ ತಗ್ಗುವುದೇಕೆ?

ಹಾಗಾದರೆ ಪಂಪಿಗೆ ದರ ಹಾಕಿಬಿಡಬೇಕೆಂದು ನಗರದ ವಿದ್ಯಾವಂತರು ಸಲಹೆ ಕೊಡುತ್ತಾರೆ. 2023ರಿಂದ ತಮ್ಮ ಮನೆಗೂ ಇನ್ನೂರು ಯೂನಿಟ್ಟಿನವರೆಗೆ ಬಿಲ್ಲಿಲ್ಲದಿರುವುದು ಆಗ ಅವರ ನೆನಪಿಗೆ ಬಾರದು. ದರ ಹಾಕಿದರೆ ಆಳಕ್ಕೆ ಕೊರೆಸಬಲ್ಲವನೇ ದರವನ್ನೂ ತೆರಬಲ್ಲನು, ಸೋಲುವವನು ತಮ್ಮನೇ. ಹಣ ಬೇಡದೆಯೂ ಅಳತೆ ಇರಬಹುದು. ಯಾರ ಮೋಟಾರು ಎಷ್ಟು ತಿರುಗಿತೆಂಬುದು ಊರಿಗೆ ಕಂಡರೆ ಮೀಟರು ನೀರುಗಂಟಿಯ ಕೆಲಸ ಮಾಡೀತು. ಆದರೆ ಮೀಟರಿನ ಹಿಂದೆಯೇ ಬಿಲ್ಲು ಬರುವುದೆಂದು ರೈತನು ಹೆದರುತ್ತಾನೆ. ಆ ಹೆದರಿಕೆಯನ್ನು ಹುಸಿಯೆನ್ನುವ ಧೈರ್ಯ ಯಾರಿಗಿದೆ?

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದನ್ನು ಮೇಲಕ್ಕೆ ಎತ್ತುವುದೂ ವಿದ್ಯುತ್ತೇ. ಆ ನೀರು ನೆಲಕ್ಕಿಳಿಯುತ್ತದೆ; ರಾತ್ರಿ ಕರೆಂಟು ಬಂದಾಗ ಅಣ್ಣನ ಮೋಟಾರು ಅದನ್ನು ಇನ್ನೊಮ್ಮೆ ಎತ್ತುತ್ತದೆ.