ದುರಸ್ತಿಯ ಹೊಣೆ ಯಾರದು?

2014ರ ಏಪ್ರಿಲ್ 8ರಂದು ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಮೂರು ವರ್ಷದ ಮೇಲೆ, 2017ರ ಮೇ ತಿಂಗಳಲ್ಲಿ, ವಾನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ ಹಲವು ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಆಗ ಕಂಪನಿ ಎಕ್ಸ್‌ಪಿಗೂ ಪ್ಯಾಚ್, ಅಂದರೆ ಲೋಪ ಮುಚ್ಚುವ ತೇಪೆ, ಬಿಡುಗಡೆ ಮಾಡಿತು. ಕರಾರು ಮುಗಿದಿತ್ತು, ಆದರೂ ಕೊಟ್ಟಿತು. ಅದು ಔದಾರ್ಯವೋ ಹೊಣೆಯೋ? ಹೊಣೆ ಎಂದೇ ನನಗೆ ಅನ್ನಿಸುತ್ತದೆ.

ಮಿಕ್ಸಿಯ ವಾರಂಟಿ ಮುಗಿದರೆ ನಾವು ಕಂಪನಿಯನ್ನು ಬೈಯುವುದಿಲ್ಲ. ಊರಿನ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, ಕಾರ್ಬನ್ ಬ್ರಷ್ ಬದಲಿಸಿ ಕೊಡುತ್ತಾರೆ. ವಿಂಡೋಸನ್ನು ಹಾಗೆ ಬಿಚ್ಚಲಾಗದು. ಅದರ ಮೂಲ ಸಂಕೇತ ಕಂಪನಿಯ ಕೈಯಲ್ಲಿದೆ. ಬೇರೆಯವರು ತಿದ್ದಿ ಹಂಚಲು ಪರವಾನಗಿ ಇಲ್ಲ. ದುರಸ್ತಿಯ ಶಕ್ತಿಯನ್ನು ತಮ್ಮಲ್ಲೇ ಇಟ್ಟುಕೊಂಡವರು, ಹೊಣೆ ಮಾತ್ರ ಇಂಥ ದಿನಾಂಕಕ್ಕೆ ಮುಗಿಯಿತು ಎಂದು ತಾವೇ ಸಾರಬಹುದೇ?

ಈ ಪ್ರಶ್ನೆ ನಮ್ಮ ವಿಭಾಗದ ಸಂಶೋಧಕರ ಕೊಠಡಿಗೂ ಬಂತು. ವಿಂಡೋಸ್ 10ರ ಗಡುವು 2025ರ ಅಕ್ಟೋಬರ್ 14. ಅದಕ್ಕೆ ಮೊದಲೇ ನಾನು ಪ್ರಬಂಧದ ಅಧ್ಯಾಯಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಒಂದು ಮಧ್ಯಾಹ್ನದಲ್ಲಿ ವಿಂಡೋಸ್ 11 ಹಾಕಿಕೊಂಡೆ. ಪಕ್ಕದ ಮೇಜಿನ ಗೆಳತಿಯ ಲ್ಯಾಪ್‌ಟಾಪ್ ಸುಸ್ಥಿತಿಯಲ್ಲೇ ಇದೆ, ಆದರೆ ಅದರ ಇಂಟೆಲ್ ಪ್ರೊಸೆಸರ್ ಏಳನೇ ತಲೆಮಾರಿನದು. ಹೊಸ ವ್ಯವಸ್ಥೆ ಸಾಮಾನ್ಯವಾಗಿ ಎಂಟನೆಯದನ್ನೋ ಅದಕ್ಕಿಂತ ಹೊಸದನ್ನೋ ಕೇಳುತ್ತದೆ, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಏರ್ಪಾಡನ್ನೂ. ಹೊಸದು ಕೊಳ್ಳೋಣವೆಂದರೆ ಫೆಲೋಶಿಪ್ ಹಣ ಯಾವಾಗ ಬರುತ್ತದೋ (ಅದು ಇನ್ನೊಂದು ಪ್ರಬಂಧದ ವಸ್ತು).

ಲಿನಕ್ಸ್ ಹಾಕಿಕೋ ಎಂದೆ. ಅದರ ಸಂಕೇತ ಮುಕ್ತ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಆದರೆ ಅವಳ ಕ್ಷೇತ್ರಕಾರ್ಯದ ಟಿಪ್ಪಣಿಗಳೆಲ್ಲ ನುಡಿಯ ಹಳೆಯ ಅಕ್ಷರಗಳಲ್ಲಿವೆ, ನುಡಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಯೂನಿಕೋಡ್‌ಗೆ ಪರಿವರ್ತಿಸಬಹುದು, ನಿಜ. ಆಮೇಲೆ ಒತ್ತಕ್ಷರ ಎಲ್ಲಿ ಜಾರಿದೆ, ಅರ್ಕಾವತ್ತು ಎಲ್ಲಿ ಕಳೆದಿದೆ ಎಂದು ಸಾಲುಸಾಲೂ ನೋಡಬೇಕು. ಪ್ರಬಂಧ ಸಲ್ಲಿಸುವ ವರ್ಷದಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?

ಬಳಕೆದಾರರ ಪಾಲೂ ಇದೆ. ಬೆಂಬಲವಿದ್ದ ವಿಂಡೋಸ್‌ಗಳಿಗೆ ವಾನಾಕ್ರೈ ತಡೆಯುವ ತೇಪೆ 2017ರ ಮಾರ್ಚಿಯಲ್ಲೇ ಬಂದಿತ್ತು; ಎಷ್ಟೋ ಮಂದಿ, ಎಷ್ಟೋ ಕಚೇರಿಗಳು ಅದನ್ನು ಹಾಕಿಕೊಂಡಿರಲಿಲ್ಲ. ಸೋಂಕು ತಗುಲಿದ ಯಂತ್ರ ಪಕ್ಕದವರ ಯಂತ್ರಕ್ಕೂ ದಾಟಿಸುತ್ತದೆ. ಹಾಗಾಗಿ ‘ಆಮೇಲೆ ನೋಡೋಣ’ ಎನ್ನುವುದು ಅವರವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಆದರೆ ತೇಪೆಯೇ ಸಿಗದವರಿಗೆ ಈ ಮಾತನ್ನು ಹೇಳುವುದು ಹೇಗೆ?

ಕಂಪನಿಗಳು ಅನಂತಕಾಲ ಹಳೆಯದನ್ನು ಸಾಕಲಿ ಎಂದು ನಾನು ಕೇಳುವುದಿಲ್ಲ. 2015ರಲ್ಲಿ ಬಂದ ವ್ಯವಸ್ಥೆಯನ್ನು ಹತ್ತು ವರ್ಷ ನೋಡಿಕೊಂಡದ್ದು ಸಣ್ಣ ಮಾತೂ ಅಲ್ಲ. ಆದರೆ ಗಡುವಿನ ಬಳಿಕವೂ ಮತ್ತೊಂದು ವರ್ಷ ತೇಪೆ ಕೊಡುವ ಯೋಜನೆ ಇತ್ತು: ಮೂವತ್ತು ಡಾಲರ್ ಕಟ್ಟಿದವರಿಗೆ, ಇಲ್ಲವೇ ಕಂಪನಿಯ ಖಾತೆ ತೆರೆದು ತಮ್ಮ ಸೆಟ್ಟಿಂಗ್‌ಗಳನ್ನು ಅದರ ಕ್ಲೌಡ್‌ಗೆ ಕಳಿಸಿದವರಿಗೆ. ಅಂದರೆ ತೇಪೆ ಹೊಲಿಯುವ ಕೆಲಸ ನಿಂತಿರಲಿಲ್ಲ. ಹಂಚುವುದಕ್ಕೆ ಷರತ್ತು ಬಿದ್ದಿತ್ತು. ಹೊಲಿದದ್ದನ್ನು ಎಲ್ಲರಿಗೂ ಕೊಡಲಿ, ಹೊಲಿಯುವುದು ಬೇಡವಾದ ದಿನ ಸಂಕೇತವನ್ನು ಬೇರೆಯವರ ಕೈಗೆ ಬಿಡಲಿ ಎಂಬಷ್ಟೇ ನನ್ನ ವಾದ.