ಗೃಹಸ್ಥರ ಅಪರಿಗ್ರಹ: ಚಿಕ್ಕ ಮನೆ ಮತ್ತು ಮಿತಿಯ ಪ್ರಶ್ನೆ

ಸಂಸಾರ ಹೂಡಿದವರಿಗೆ ಅಪರಿಗ್ರಹ ಸಾಧ್ಯವೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಮನೆ, ಹೊಲ, ಬಂಧುಬಳಗವನ್ನೇ ಬಿಟ್ಟು ಹೊರಟ ಸಂನ್ಯಾಸಿಗೆ ವಸ್ತುಗಳನ್ನು ಬಿಡುವುದು ಆ ದೊಡ್ಡ ತ್ಯಾಗದ ಒಂದು ಅಂಗ ಮಾತ್ರ. ಆದರೆ ಮಕ್ಕಳ ಪುಸ್ತಕ, ಹಿರಿಯರ ಔಷಧಿ, ಬಂದ ನೆಂಟರಿಗೆ ಹಾಸಿಗೆ, ಹಬ್ಬದಡುಗೆಗೆ ದೊಡ್ಡ ಪಾತ್ರೆ ಇವೆಲ್ಲವನ್ನೂ ಒದಗಿಸಬೇಕಾದ ಗೃಹಸ್ಥರು ಎಷ್ಟನ್ನು ಇಟ್ಟುಕೊಳ್ಳಬಹುದು, ಎಷ್ಟನ್ನು ಬಿಡಬೇಕು ಎಂಬುದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ, ಎಂದರೆ 600 ಚದರ ಅಡಿ ನೆಲದಲ್ಲಿ, ಎರಡು ಮೂರು ತಲೆಮಾರಿನವರು ಒಟ್ಟಿಗೆ ಬಾಳುವ ನಗರಜೀವನದಲ್ಲಿ ಈ ಪ್ರಶ್ನೆ ಬರಿಯ ಸ್ಥಳಾಭಾವದ ಪ್ರಶ್ನೆಯಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಜಾಗವಿಲ್ಲವೆಂದು ಬಿಡುವುದಕ್ಕೂ ಬೇಡವೆಂದು ಬಿಡುವುದಕ್ಕೂ ಇರುವ ಅಂತರವನ್ನು ಧರ್ಮಶಾಸ್ತ್ರಕಾರರು ಬಹಳ ಹಿಂದೆಯೇ ಗುರುತಿಸಿದ್ದರು.

ಈ ವಿಚಾರವನ್ನು ಅತ್ಯಂತ ವ್ಯವಸ್ಥಿತವಾಗಿ ಬೆಳೆಸಿದ್ದು ಜೈನ ದರ್ಶನ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ವ್ರತಗಳನ್ನು ಮುನಿಗಳು ಸಂಪೂರ್ಣವಾಗಿ ಪಾಲಿಸಿದರೆ ಅವು ಮಹಾವ್ರತಗಳು. ಶ್ರಾವಕ ಶ್ರಾವಕಿಯರು, ಎಂದರೆ ಗೃಹಸ್ಥ ಉಪಾಸಕರು, ತಮ್ಮ ಶಕ್ತಿಗೆ ತಕ್ಕಂತೆ ಅಂಶತಃ ಪಾಲಿಸಿದರೆ ಅವು ಅಣುವ್ರತಗಳು. ಹೀಗಾಗಿ ಗೃಹಸ್ಥರ ಐದನೆಯ ಅಣುವ್ರತಕ್ಕೆ ಪರಿಗ್ರಹಪರಿಮಾಣವೆಂದು ಹೆಸರು. ಅದು ಎಲ್ಲವನ್ನೂ ತೊರೆಯುವ ವ್ರತವಲ್ಲ, ಸಂಗ್ರಹಕ್ಕೆ ಒಂದು ಅಳತೆಯನ್ನು ಹಾಕಿಕೊಳ್ಳುವ ವ್ರತ. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ, ಎಂದರೆ ‘ಇದು ನನ್ನದು’ ಎಂಬ ಮಮಕಾರದಲ್ಲಿ ಮನಸ್ಸು ಮೈಮರೆಯುವ ಸ್ಥಿತಿಯಲ್ಲಿ, ಕಾಣುತ್ತದೆ. ಮುಂದಿನ ಆಚಾರ್ಯರು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದ ಹತ್ತು ಬಾಹ್ಯ ಪರಿಗ್ರಹಗಳ ಜೊತೆಗೆ ಕ್ರೋಧ, ಮಾನ, ಮಾಯೆ, ಲೋಭ, ಭಯ, ಶೋಕ ಮೊದಲಾದ ಹದಿನಾಲ್ಕು ಆಂತರಿಕ ಪರಿಗ್ರಹಗಳನ್ನೂ ಎಣಿಸಿದರು.

ಪರಿಗ್ರಹವಿರುವುದು ಮನಸ್ಸಿನಲ್ಲಿ ಎಂದಾದರೆ ಮನೆಯಲ್ಲಿರುವ ವಸ್ತುಗಳನ್ನೇಕೆ ಕಡಿಮೆ ಮಾಡಬೇಕು ಎಂಬ ಆಕ್ಷೇಪ ಇಲ್ಲಿ ಸಹಜವಾಗಿಯೇ ಏಳುತ್ತದೆ. ಏಕೆಂದರೆ ಎಲ್ಲವನ್ನೂ ಇಟ್ಟುಕೊಂಡು ಯಾವುದರ ಮೇಲೂ ಮೋಹವಿಲ್ಲವೆಂದು ಹೇಳಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ಕರ್ನಾಟಕದ ಜೈನ ಪರಂಪರೆ ಗೌರವದಿಂದ ನೆನೆಯುವ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಈ ಸಂಬಂಧವನ್ನು ವಿವರಿಸುತ್ತಾರೆ: ತನ್ನದೆಂಬ ಸಂಕಲ್ಪ ಹುಟ್ಟಿದೊಡನೆ ಅದನ್ನು ಕಾಪಾಡುವ ಕೆಲಸ ಬೆನ್ನು ಹತ್ತುತ್ತದೆ, ಕಾಪಾಡುವಲ್ಲಿ ಹಿಂಸೆ ತಪ್ಪುವುದಿಲ್ಲ, ಅದಕ್ಕಾಗಿ ಸುಳ್ಳು ಹೇಳುವುದೂ ಕದಿಯುವುದೂ ಬರುತ್ತವೆ. ಹೊರಗಿನ ಸಂಗ್ರಹವು ಒಳಗಿನ ಮೂರ್ಛೆಗೆ ಹೀಗೆ ನಿತ್ಯವೂ ನಿಮಿತ್ತ ಒದಗಿಸುತ್ತಿರುವುದರಿಂದ, ಒಳಗನ್ನು ತಿದ್ದಲು ಹೊರಟವರು ಹೊರಗಿನ ಅಳತೆಯಿಂದಲೇ ತೊಡಗಬೇಕಾಗುತ್ತದೆ.

ಆ ಅಳತೆ ಹೇಗಿರಬೇಕೆಂಬುದನ್ನು ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥರ ದಿನಚರಿಗೆ ಹೊಂದುವಂತೆ ತಿಳಿಸುತ್ತದೆ. ಧನಧಾನ್ಯಗಳಿಗೆ ಮಿತಿ ಹಾಕಿ, ಅದಕ್ಕಿಂತ ಹೆಚ್ಚಿನದರಲ್ಲಿ ಆಸೆಯಿಲ್ಲದಿರುವ ಈ ವ್ರತಕ್ಕೆ ಅಲ್ಲಿ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಇದೆ. ಅಳೆಯಬೇಕಾದದ್ದು ಕಪಾಟನ್ನಷ್ಟೇ ಅಲ್ಲ, ಬಯಕೆಯನ್ನು. ವ್ರತಕ್ಕೆ ಕುಂದು ತರುವ ಐದು ಅತಿಚಾರಗಳನ್ನು ಹೇಳುವಾಗ ಗ್ರಂಥಕಾರರು ಅತಿಯಾಗಿ ಕೂಡಿಡುವುದನ್ನೂ ಲೋಭವನ್ನೂ ಹೆಸರಿಸುವುದು ನಿರೀಕ್ಷಿತವೇ. ಆದರೆ ಅವರು ವಿಸ್ಮಯವನ್ನೂ, ಎಂದರೆ ಪರರ ಸಿರಿಯನ್ನು ಕಂಡು ಬೆರಗಾಗಿ ಕೊರಗುವುದನ್ನೂ, ಪ್ರಾಣಿಗಳ ಮೇಲೆ ಶಕ್ತಿಮೀರಿ ಹೊರೆ ಹೇರುವುದನ್ನೂ ಅದೇ ಸಾಲಿನಲ್ಲಿ ಇಟ್ಟಿದ್ದಾರೆ. ಒಬ್ಬರ ಸಂಗ್ರಹದ ಭಾರವನ್ನು ಮತ್ತೊಂದು ಜೀವ ಹೊರಬೇಕಾಗುತ್ತದೆ ಎಂಬ ಅರಿವು ಈ ಎಣಿಕೆಯಲ್ಲಿದೆ. ಮನೆಯ ಅಟ್ಟದ ಮೇಲೆ ಕೂಡಿಟ್ಟ ಸಾಮಾನನ್ನು ಹಬ್ಬಹಬ್ಬಕ್ಕೂ ಇಳಿಸಿ, ಧೂಳು ಹೊಡೆದು, ಒರೆಸಿ, ಮತ್ತೆ ಏರಿಸುವ ಕೆಲಸ ಸಾಮಾನ್ಯವಾಗಿ ಅದನ್ನು ಕೊಂಡವರ ಪಾಲಿಗೆ ಬರದೆ ಮನೆಯ ಹೆಂಗಸರ ಅಥವಾ ಕೆಲಸದವರ ಪಾಲಿಗೆ ಬರುವುದನ್ನು ಗಮನಿಸಿದರೆ ಈ ಅತಿಚಾರದ ಅರ್ಥ ಇಂದಿಗೂ ಸ್ಪಷ್ಟವಾಗುತ್ತದೆ.

ಅದೇ ಗ್ರಂಥ ಹೇಳುವ ಇನ್ನೆರಡು ವಿಭಾಗಗಳು ಚಿಕ್ಕ ಮನೆಯ ಸಂಸಾರಕ್ಕೆ ನೇರವಾಗಿ ಒದಗುತ್ತವೆ. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ, ಬಟ್ಟೆಯಂತೆ ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ. ಹಾಗೆಯೇ ಬದುಕಿರುವವರೆಗೆ ಹಿಡಿಯುವ ಮಿತಿ ಯಮ, ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಕಾಲವನ್ನು ಗೊತ್ತುಮಾಡಿಕೊಂಡು ಹಿಡಿಯುವ ಮಿತಿ ನಿಯಮ. ಮದುವೆಯಲ್ಲಿ ಉಡುಗೊರೆಯಾಗಿ ಬಂದು, ಕೊಟ್ಟವರ ಹೆಸರು ಕೆತ್ತಿಸಿಕೊಂಡು, ಒಮ್ಮೆಯೂ ಒಲೆಯೇರದೆ ಉಳಿದ ಸ್ಟೀಲಿನ ಪಾತ್ರೆಗಳನ್ನು ಈ ವಿಭಜನೆಯ ಮುಂದಿಟ್ಟರೆ ಅವು ಭೋಗವೂ ಅಲ್ಲ, ಉಪಭೋಗವೂ ಅಲ್ಲ. ಅವುಗಳಲ್ಲಿ ಉಳಿದಿರುವುದು ಒಡೆತನ ಮಾತ್ರ. ಇಂಥವನ್ನು ಒಮ್ಮೆಗೇ ಕೈಬಿಡಲು ಮನಸ್ಸೊಪ್ಪದವರು ಒಂದು ಋತುವಿನ ಮಟ್ಟಿಗೆ ಕಟ್ಟಿಟ್ಟು, ಕೊರತೆ ಕಾಣುವುದೋ ಇಲ್ಲವೋ ಎಂದು ನೋಡುವುದಕ್ಕೆ ನಿಯಮದ ಕಲ್ಪನೆಯಲ್ಲೇ ಅವಕಾಶವಿದೆ.

ಇಷ್ಟಾದರೂ ಮಿತಿ ಎಷ್ಟಿರಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಶ್ವೇತಾಂಬರರ ಆಗಮವಾದ ‘ಉಪಾಸಕದಶಾ’ದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದನ ಕಥೆ ಈ ತೊಡಕನ್ನು ಮುಚ್ಚಿಡದೆ ತೋರಿಸುತ್ತದೆ. ಮಹಾವೀರನ ಮುಂದೆ ವ್ರತ ಹಿಡಿದ ಈ ಗೃಹಸ್ಥನು ತನಗಿದ್ದ ಕೋಟಿಗಟ್ಟಲೆ ಹೊನ್ನನ್ನೂ, ತಲಾ 10,000 ಹಸುಗಳ 4 ಮಂದೆಗಳನ್ನೂ, 500 ನೇಗಿಲುಗಳಿಗೆ ಸಾಲುವ ಭೂಮಿಯನ್ನೂ ಹಾಗೆಯೇ ಉಳಿಸಿಕೊಂಡು, ಇದಕ್ಕಿಂತ ಹೆಚ್ಚು ಬೇಡವೆಂದು ಗೆರೆ ಎಳೆದನು. ಅದರ ಜೊತೆಗೇ ಮೈ ಒರೆಸುವ ವಸ್ತ್ರ ಒಂದೇ ಬಗೆಯದು, ಹಲ್ಲುಜ್ಜಲು ಅತಿಮಧುರದ ಹಸಿ ಕಡ್ಡಿಯೊಂದೇ ಎಂದು ಸಣ್ಣಪುಟ್ಟ ಬಳಕೆಗಳವರೆಗೂ ಮಿತಿಯನ್ನು ಹೇಳಿಕೊಂಡನು. ಇಷ್ಟು ಸಂಪತ್ತನ್ನು ಇಟ್ಟುಕೊಂಡ ಮೇಲೆ ಅದು ಎಂಥ ವ್ರತ ಎಂದು ಇಂದಿನ ಓದುಗರು ಕೇಳಿದರೆ ತಪ್ಪಲ್ಲ. ಬೆಳೆಯುತ್ತಲೇ ಹೋಗುವ ಬಯಕೆಯನ್ನು ಒಂದು ಗಡಿಯಲ್ಲಿ ನಿಲ್ಲಿಸುವುದೇ ಮೊದಲ ಹೆಜ್ಜೆ ಎಂಬುದು ಪರಂಪರೆಯ ಉತ್ತರ. ಆದರೆ ಆ ಉತ್ತರ ಆನಂದನ ಮನಸ್ಸಿಗೆ ಹಿತವನ್ನು ಹೇಳುವಷ್ಟು ಸ್ಪಷ್ಟವಾಗಿ ಅವನ ಊರಿನ ಬಡವರಿಗೆ ಏನು ದಕ್ಕಿತೆಂದು ಹೇಳುವುದಿಲ್ಲ.

ಆ ಕೊರತೆಯನ್ನು ತುಂಬುವ ನಿದರ್ಶನ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಿಗುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ಒಪ್ಪದೆ ಹಿಂದಿರುಗಿಸಲು ಹೇಳಿದಳೆಂಬ ಪ್ರಸಂಗವನ್ನು ಶರಣ ಪರಂಪರೆ ನೆನೆಯುತ್ತ ಬಂದಿದೆ. ಇಲ್ಲಿ ಮಿತಿಯನ್ನು ಗೊತ್ತುಮಾಡುವುದು ಇರುವ ಆಸ್ತಿಯಲ್ಲ, ಆ ದಿನದ ಅಗತ್ಯ. ಆ ಅಗತ್ಯದಲ್ಲಿ ಮನೆಯವರ ಊಟದೊಂದಿಗೆ ದಾಸೋಹವೂ, ಎಂದರೆ ದುಡಿದದ್ದನ್ನು ಸಮಾಜಕ್ಕೆ ವಿನಯದಿಂದ ಅರ್ಪಿಸುವುದೂ, ಸೇರಿದೆ. ನಾಳೆಗೆ ಇರಲಿ ಎಂಬ ಮಾತಿಗೆ ಆ ಬಡ ಮನೆಯಲ್ಲಿ ಎಲ್ಲರ ಮನೆಗಿಂತ ಹೆಚ್ಚು ನ್ಯಾಯವಿತ್ತಾದರೂ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಬಡತನಕ್ಕೂ ಅಪರಿಗ್ರಹಕ್ಕೂ ಇರುವ ವ್ಯತ್ಯಾಸ ಇದೇ: ಬಡತನದಲ್ಲಿ ವಸ್ತು ಕೈಗೆ ಬರುವುದಿಲ್ಲ, ಅಪರಿಗ್ರಹದಲ್ಲಿ ಕೈಗೆ ಬಂದದ್ದನ್ನು ಬೇಡವೆನ್ನಲಾಗುತ್ತದೆ.

ಈ ಎರಡು ಕಥೆಗಳಲ್ಲಿ ಸಮಾನವಾದ ಒಂದು ಅಂಶವಿದೆ. ಆನಂದನು ಮನೆಗೆ ಬಂದು ಹೇಳಿದ ಮೇಲೆ ಹೆಂಡತಿ ಶಿವನಂದಾ ತಾನೇ ಮಹಾವೀರನ ಬಳಿಗೆ ಹೋಗಿ ವ್ರತಗಳನ್ನು ಸ್ವೀಕರಿಸುತ್ತಾಳೆ. ಲಕ್ಕಮ್ಮನಂತೂ ಗಂಡನಿಗೇ ಮಿತಿಯನ್ನು ನೆನಪಿಸುತ್ತಾಳೆ. ವ್ರತವು ಇಬ್ಬರದೂ ಆದಾಗ ಮಾತ್ರ ಅದು ಮನೆಯ ವ್ರತವಾಗುತ್ತದೆ. ಇದಕ್ಕೆ ಎದುರಾದ ಉದಾಹರಣೆಯನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಾವೇ ದಾಖಲಿಸಿದ್ದಾರೆ. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಹೊರಡುವಾಗ ಅಲ್ಲಿನ ಭಾರತೀಯರು ಕೊಟ್ಟ ಚಿನ್ನ, ಬೆಳ್ಳಿ, ವಜ್ರದ ಕಾಣಿಕೆಗಳನ್ನು ಸಾರ್ವಜನಿಕ ಕಾರ್ಯಕ್ಕಾಗಿ ವಿಶ್ವಸ್ಥರಿಗೆ ಒಪ್ಪಿಸಲು ಅವರು ನಿಶ್ಚಯಿಸಿದರು. ಮಕ್ಕಳನ್ನು ಮೊದಲು ಒಪ್ಪಿಸಿ ಆಮೇಲೆ ಹೆಂಡತಿಗೆ ವಿಷಯ ತಿಳಿಸಿದರು. ಮುಂದೆ ಬರುವ ಸೊಸೆಯರಿಗೆ ಆಭರಣ ಬೇಕೆಂದು ಕಸ್ತೂರಬಾ ವಾದಿಸಿದರು. ಗಂಡನ ಸಾರ್ವಜನಿಕ ಸೇವೆಯ ಹಿಂದೆ ಹಗಲಿರುಳು ದುಡಿದ ತಮ್ಮ ಸೇವೆಯೂ ಇದೆ, ಅದಕ್ಕೆ ಬೆಲೆಯಿಲ್ಲವೇ ಎಂದೂ ಕೇಳಿದರು. ಆ ಮಾತು ತಮಗೆ ನಾಟಿತೆಂದು ಒಪ್ಪಿಕೊಂಡ ಗಾಂಧೀಜಿ, ಕೊನೆಗೆ ಹೇಗೋ ಒತ್ತಾಯದಿಂದಲೇ ಅವರ ಸಮ್ಮತಿಯನ್ನು ಪಡೆದುದಾಗಿಯೂ ಬರೆದಿದ್ದಾರೆ. ಕಾಲ ಕಳೆದಂತೆ ಕಸ್ತೂರಬಾ ಕೂಡ ಆ ನಿರ್ಧಾರದ ವಿವೇಕವನ್ನು ಕಂಡರೆಂದು ಅವರು ಹೇಳಿದರೂ, ಕಸ್ತೂರಬಾ ಎತ್ತಿದ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ: ಒಬ್ಬರ ತ್ಯಾಗಕ್ಕೆ ಇನ್ನೊಬ್ಬರ ಪಾಲನ್ನು ಬಳಸುವ ಅಧಿಕಾರ ಎಲ್ಲಿಂದ ಬರುತ್ತದೆ?

ಚಿಕ್ಕ ಮನೆಗಾಗಿ ಸಾಮಾನು ಕಡಿಮೆ ಮಾಡಲು ಹೊರಟ ಕುಟುಂಬಗಳಲ್ಲಿ ಬಹುಪಾಲು ಜಗಳಗಳು ಹುಟ್ಟುವುದು ಈ ಪ್ರಶ್ನೆಯಿಂದಲೇ. ತಾಯಿಯ ತವರಿನಿಂದ ಬಂದ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಲು ಹೊರಟ ಮಗನಿಗೆ ತನ್ನ ಪುಸ್ತಕಗಳ ಕಪಾಟು ಅನಗತ್ಯವಾಗಿ ಕಾಣುವುದಿಲ್ಲ; ಮಗುವಿನ ಆಟಿಕೆಗಳನ್ನು ಕೇಳದೆ ಹಂಚಿದ ಹಿರಿಯರು ಮಗುವಿಗೆ ತ್ಯಾಗವನ್ನು ಕಲಿಸಿದಂತಾಗುವುದಿಲ್ಲ, ಕೇಳದೆ ತೆಗೆದುಕೊಳ್ಳಬಹುದೆಂಬುದನ್ನು ಕಲಿಸಿದಂತಾಗುತ್ತದೆ; ಅಸ್ತೇಯವನ್ನು ಮುರಿದು ಅಪರಿಗ್ರಹವನ್ನು ಸಾಧಿಸಲಾಗದು. ಹರಿದ ಬಟ್ಟೆ, ಕೆಟ್ಟ ಮಿಕ್ಸಿಯನ್ನು ಬಡವರ ಮನೆಗೆ ಸಾಗಿಸಿ ದಾನವೆನ್ನುವುದೂ, ಸಾಮಾನನ್ನೆಲ್ಲ ಊರಿನ ಮನೆಯಲ್ಲಿ ತುಂಬಿ ನಗರದ ಮನೆ ಹಗುರವಾಯಿತೆನ್ನುವುದೂ ಪರಿಗ್ರಹವನ್ನು ಸ್ಥಳಾಂತರಿಸುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಆದ್ದರಿಂದ ಮನೆ ಚಿಕ್ಕದೆಂಬ ಮಾತ್ರಕ್ಕೆ ಅಲ್ಲಿ ಅಪರಿಗ್ರಹವಿದೆಯೆಂದಾಗಲಿ, ವಸ್ತುಗಳು ಹೆಚ್ಚಿವೆಯೆಂಬ ಮಾತ್ರಕ್ಕೆ ಅದು ಇಲ್ಲವೆಂದಾಗಲಿ ತೀರ್ಪು ಕೊಡಲಾಗದು. ಮಿತಿಯನ್ನು ಬಯಕೆ ಹುಟ್ಟುವ ಮೊದಲೇ ಗೊತ್ತುಮಾಡಿಕೊಂಡಿರಬೇಕು, ಮನೆಯವರೆಲ್ಲರೂ ಮಾತಾಡಿ ಅದನ್ನು ಒಪ್ಪಿರಬೇಕು, ಮಿತಿ ಮೀರಿ ಬಂದದ್ದು ಬೇಕಾದವರಿಗೆ ಬಳಸುವ ಸ್ಥಿತಿಯಲ್ಲಿಯೇ ತಲುಪಬೇಕು; ಈ ಮೂರೂ ಕೂಡಿದಲ್ಲಿ ಗೃಹಸ್ಥರಿಗೂ ಅಪರಿಗ್ರಹ ಸಾಧ್ಯ. ತ್ಯಾಗವನ್ನು ತಮ್ಮ ಸ್ವಂತ ವಸ್ತುಗಳಿಂದ ಆರಂಭಿಸಿ, ಉಳಿದವರ ವಸ್ತುಗಳ ವಿಷಯದಲ್ಲಿ ಅವರ ಮಾತಿಗೆ ಕಾಯುವುದು ಈ ವ್ರತದ ಮೊದಲ ಪಾಠವಾಗಬೇಕು.