ಗೋಡೆಯ ಮುಂದೆ ನಿಂತವರು

ದೆಹಲಿಯ ಖನ್ನಾ ಮಾರ್ಕೆಟ್ಟಿಗೂ ಮೆಹರ್‌ಚಂದ್ ಮಾರ್ಕೆಟ್ಟಿಗೂ ನಡುವೆ ಲೋಧಿ ಕಾಲೊನಿ ಇದೆ. 1940ರ ದಶಕದಲ್ಲಿ ಸರ್ಕಾರಿ ನೌಕರರಿಗೆಂದು ಬ್ರಿಟಿಷರು ಕಟ್ಟಿಸಿದ ವಸತಿ. ಎತ್ತರದ ಕಮಾನುಗಳು, ಅಗಲವಾದ ಗೋಡೆಗಳು, ಸಾಲುಮರದ ನೆರಳು. ‘ಸ್ಟಾರ್ಟ್ ಇಂಡಿಯಾ’ ಪ್ರತಿಷ್ಠಾನ ಇಲ್ಲಿ ನಡೆಸುತ್ತ ಬಂದ ಬೀದಿಕಲೆಯ ಹಬ್ಬಗಳಿಂದಾಗಿ ಈಗ 50ಕ್ಕೂ ಹೆಚ್ಚು ಗೋಡೆಗಳಲ್ಲಿ ಚಿತ್ರಗಳಿವೆ. ಕೆಲವನ್ನು ಬರೆದವರು ಜಪಾನಿನಿಂದ, ಸ್ಪೇನಿನಿಂದ ಬಂದವರು, ಕೆಲವರು ಇಲ್ಲಿಯವರೇ. ನೋಡಲು ಟಿಕೆಟ್ ಬೇಡ. ತರಕಾರಿ ಚೀಲ ಹಿಡಿದವರೂ ಶಾಲೆಯಿಂದ ಮರಳುವ ಮಕ್ಕಳೂ ಅವುಗಳ ಎದುರಿಗೇ ಹಾದುಹೋಗುತ್ತಾರೆ.

ಅಲ್ಲಿನ ಒಂದು ಗೋಡೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ಮಾಡಿದವರು ‘ಡಾಕು’ ಎಂಬ ಹೆಸರಿನಲ್ಲಿ, ಮುಖ ತೋರಿಸದೆ ಕೆಲಸ ಮಾಡಿದ ಕಲಾವಿದ. ಅಲ್ಲಿ ಬರೆದ ಚಿತ್ರವೇ ಇಲ್ಲ. ಅಕ್ಷರಗಳು ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿವೆ, ಅಷ್ಟೆ. ಬಿಸಿಲು ಮೇಲಿನಿಂದ ಬಿದ್ದಾಗ ಅವುಗಳ ನೆರಳು ಗೋಡೆಯ ಮೇಲೆ ಇಳಿದು ಪದಗಳಾಗುತ್ತದೆ. ಹೊತ್ತು ಏರಿದಂತೆ ಪದಗಳು ಓರೆಯಾಗುತ್ತವೆ, ನೆಟ್ಟಗಾಗುತ್ತವೆ, ಉದ್ದವಾಗುತ್ತವೆ; ಮೋಡ ಕವಿದರೆ ಓದಲು ಏನೂ ಉಳಿಯುವುದಿಲ್ಲ. ಕಾಲ ಎಲ್ಲವನ್ನೂ ಬದಲಿಸುತ್ತದೆ ಎಂಬುದೇ ಅದರ ಶೀರ್ಷಿಕೆ. ಫೋಟೊ ತೆಗೆದು ಮುಂದೆ ಹೋದವರಿಗೆ ಅದು ಸಿಕ್ಕುವುದಿಲ್ಲ. ಅಲ್ಲಿ ನಿಲ್ಲಬೇಕು, ಮತ್ತೊಂದು ಹೊತ್ತಿನಲ್ಲಿ ಇನ್ನೊಮ್ಮೆ ಬರಬೇಕು. ಮೆಚ್ಚುವುದೆಂದರೆ ನಮ್ಮ ಹೊತ್ತನ್ನು ಕೊಡುವುದು ಎಂದು ನಾನು ನಂಬುತ್ತೇನೆ.

ವಿದೇಶದ ಹೆಸರು ಕಂಡಲ್ಲಿ ನಾವು ಸ್ವಲ್ಪ ಹೆಚ್ಚೇ ನಿಲ್ಲುತ್ತೇವೆ. ಹೊರಗಿನವರು ಬರಬೇಕು, ಅದರಲ್ಲಿ ಅನುಮಾನವಿಲ್ಲ. ದಿನಾ ನೋಡಿ ನಮಗೆ ಕಾಣದಾದದ್ದು ಅವರಿಗೆ ಕಾಣುತ್ತದೆ. ಆದರೆ ಅವರು ಹೊರಟುಹೋಗುತ್ತಾರೆ. ಊರಿನ ಕಲಾವಿದ ಮಾರನೆಯ ದಿನವೂ ಅದೇ ಬೀದಿಯ ಜನಕ್ಕೆ ಮುಖ ಕೊಡಬೇಕು. 2014ರಲ್ಲಿ ದೆಹಲಿಯ ಐಟಿಒ ಬಳಿ, ಆಗಿನ ಪೊಲೀಸ್ ಪ್ರಧಾನ ಕಚೇರಿಯ ಗೋಡೆಯಲ್ಲಿ ಸುಮಾರು 150 ಅಡಿ ಎತ್ತರದ ಗಾಂಧಿ ಮೂಡಿದಾಗ ಈ ಇಬ್ಬರೂ ಒಟ್ಟಿಗಿದ್ದರು: ಜರ್ಮನಿಯ ಹೆಂಡ್ರಿಕ್ ಬೈಕಿರ್ಖ್, ನಮ್ಮ ಬೆಂಗಳೂರಿನ ಅನ್ಪು ವರ್ಕಿ. ಅತಿಥಿಯೂ ಮನೆಯವರೂ ಸೇರಿ ಮಾಡಿದ ಇಂಥ ಕೆಲಸವೇ ಹಬ್ಬದ ತಿರುಳು ಎನಿಸುತ್ತದೆ.

ಬಣ್ಣ ಮಾಸುತ್ತದೆ, ಗೋಡೆಗೆ ಮತ್ತೊಬ್ಬರ ಚಿತ್ರ ಬರುತ್ತದೆ. ಅದಕ್ಕೆ ಮರುಗಬೇಕಿಲ್ಲ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ; ಮದುವೆಗೋ ಹಬ್ಬಕ್ಕೋ ಹಳೆಯದರ ಮೇಲೆ ಮಣ್ಣು ಬಳಿದು ಮತ್ತೆ ಕೂರುತ್ತಾರೆ.

ನನ್ನನ್ನು ಕಾಡುವುದು ಬೇರೆಯದೇ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಕುಂಚ ಹಿಡಿದರು. ಕೆ.ಆರ್. ಮಾರುಕಟ್ಟೆಯ ಬಳಿಯ ಗೋಡೆಯಲ್ಲಿ ದೊಡ್ಡ ಮುಖಗಳನ್ನು ಬರೆದು, ನಾವು ಇದ್ದೀವಿ ಎಂದು ಸಾರಿದರು. ಗೋಡೆಯ ಮೇಲಿನ ಆ ಮುಖವನ್ನು ತಲೆಯೆತ್ತಿ ನೋಡಿ ಎಷ್ಟು ಚೆನ್ನಾಗಿದೆ ಎನ್ನುವ ನಾವು, ಸಿಗ್ನಲ್ಲಿನಲ್ಲಿ ಅಂಥದೇ ಮುಖ ಹತ್ತಿರ ಬಂದರೆ ಕಾರಿನ ಗಾಜು ಏರಿಸುತ್ತೇವೆ. ಚಿತ್ರಕ್ಕೆ ಕೊಟ್ಟ ಮರ್ಯಾದೆಯನ್ನು ಬರೆದವರಿಗೆ ಕೊಡದಿದ್ದರೆ ಆ ಮೆಚ್ಚುಗೆ ಯಾರಿಗೆ ಸಂದಂತಾಯಿತು? ಅವರು ಗೋಡೆ ಏರಿದ್ದು ಬೀದಿಯಲ್ಲಿ ತಮ್ಮನ್ನೂ ಜನ ಕಣ್ಣೆತ್ತಿ ನೋಡಲಿ ಎಂದೇ.

ಆದ್ದರಿಂದ ಇಂಥ ಹಬ್ಬಗಳಿಗೆ ಚಿತ್ರ ಮುಗಿದ ಮೇಲೆ ಹೋಗುವುದಕ್ಕಿಂತ, ಇನ್ನೂ ಸಾರುವೆ ಕಟ್ಟಿರುವಾಗಲೇ ಹೋಗುವುದು ಒಳ್ಳೆಯದು. ಕೆಳಗೆ ನಿಂತು ಬಣ್ಣ ಕಲಸುತ್ತಿರುವವರ ಹೆಸರು ಕೇಳಬಹುದು. ಆ ಗೋಡೆಯ ಹಿಂದೆ ಸಂಸಾರ ಮಾಡುವವರನ್ನು, ನಿಮಗೆ ಇದು ಹಿಡಿಸಿತೇ ಎಂದು ವಿಚಾರಿಸಬಹುದು. ಇಲ್ಲ ಎಂದರೆ ಅದನ್ನೂ ಪೂರ್ತಿ ಕೇಳಿಸಿಕೊಳ್ಳಬೇಕು; ನಾವು ಊರಿಗೆ ಮರಳಿದ ಮೇಲೂ ಬೆಳಗೆದ್ದು ಅದನ್ನು ನೋಡುವವರು ಅವರು.